ವಾಸನೆ ಉಣ್ಣುವವರು

ಹೊಳೆದಂಡೆಯ ಮಠದಲ್ಲಿ ಅಡವೀಶನೆಂಬ ಶಿಷ್ಯನಿದ್ದ. ಕಸಬರಿಗೆ ಅವನ ಮೂರನೆಯ ಕೈ. ದಾಸೋಹದ ಎಂಜಲೆಲೆ, ಕೊಟ್ಟಿಗೆಯ ಸಗಣಿ ಎಲ್ಲವನ್ನೂ ಗೊಬ್ಬರ ಮಾಡುವ ಕೆಲಸ ಅವನದೇ.

ಗೊಬ್ಬರ ಕೊಳೆಯುತ್ತಿದ್ದುದು ಮುಚ್ಚಿದ ಕೋಣೆಯಲ್ಲಿ. ಅಲ್ಲಿಯ ನಾತವನ್ನು ಒಂದು ಫ್ಯಾನು ಕೊಳವೆಯೊಳಗೆ ತಳ್ಳುತ್ತಿತ್ತು. ಕೊಳವೆಯ ಬಾಯಿ ಹೊರಗಿದ್ದ ಒಂದು ದಪ್ಪ ಹಾಸಿನ ಕೆಳಗೆ ತೆರೆದಿತ್ತು. ಹಾಸೆಂದರೆ ಕಟ್ಟಿಗೆಯ ಚಕ್ಕೆ, ಹಳೆಯ ಗೊಬ್ಬರ, ಮೇಲಿಷ್ಟು ನೀರು. ಕೆಳಗೆ ಹೊಕ್ಕ ನಾತ ಮೇಲೆ ಬರುವಷ್ಟರಲ್ಲಿ ಹಸಿಮಣ್ಣಿನ ವಾಸನೆಯಾಗಿರುತ್ತಿತ್ತು.

"ಅಜ್ಜಾರ, ನಾತ ಎಲ್ಲಿ ಹೋಗ್ತೈತ್ರಿ?"

ಮಠದ ಸ್ವಾಮಿಗಳಾದ ಅಜ್ಜನವರು ನಕ್ಕರು. "ಉಣ್ಣೋರು ಉಣ್ತಾರಪ್ಪ."

"ಯಾರ್ರಿ?"

"ಆ ಹಾಸಿನೊಳಗ ಅದಾರ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವ."

ಅಡವೀಶನ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಹಾಸು ಕೆದಕಿದ, ಬಗ್ಗಿ ನೋಡಿದ. ಕಂಡದ್ದು ಲೋಳೆ ಹತ್ತಿದ ಕರೀ ಚಕ್ಕೆ ಮಾತ್ರ. ಅಜ್ಜನವರು ತಮಾಷೆ ಮಾಡಿದ್ದಾರೆ ಅಂದುಕೊಂಡ. ಮಠದೊಳಗೆ ಇಂಥ ಹೊಲಸೇ? ಬಕೆಟ್ ತುಂಬ ಫಿನಾಯಿಲ್ ಕಲಸಿ ಹಾಸಿನ ಮೇಲೆಲ್ಲ ಸುರಿದ.

ಮರುದಿನವೇ ನಾತ ಗೋಡೆ ಹಾರಿತು.

ಗೋಡೆಯಾಚೆ ನೀಲವ್ವನ ಮನೆ. ಹೆರಿಗೆಗೆಂದು ಬಂದಿದ್ದ ಮಗಳು ಹಸಿ ಬಾಣಂತಿ. ತಾಟು ಮುಂದಿಟ್ಟರೆ ಮೂಗು ಮುಚ್ಚಿಕೊಂಡು ಮುಖ ತಿರುವುತ್ತಿದ್ದಳು.

ನೀಲವ್ವ ಮಠಕ್ಕೆ ಬಂದಳು. "ಅಜ್ಜಾರ, ಮಗಳು ಎರಡು ತುತ್ತೂ ಉಣ್ಣವಲ್ಲಳ್ರಿ. ಕೂಸಿಗೆ ಹಾಲು ಸಾಲವಲ್ದು. ಕೈ ಮುಗೀತೀನಿ, ಈ ಗೊಬ್ಬರ ಬಂದ್ ಮಾಡ್ರಿ."

"ನಾಲ್ಕು ದಿನ ತಡಿಯವ್ವ. ನಾತ ಹೋಗದಿದ್ರ ಕೋಣಿಗೆ ನಾನೇ ಬೀಗ ಹಾಕ್ತೀನಿ."

ಪಕ್ಕದಲ್ಲೇ ನಿಂತಿದ್ದ ಅಡವೀಶನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಫಿನಾಯಿಲ್ ಸುರಿದದ್ದನ್ನು ಹೇಳಿಬಿಟ್ಟ.

"ತೊಳದೆ ಅಂತ ತಿಳ್ಕೊಂಡಿ," ಎಂದರು ಅಜ್ಜನವರು. "ಉಣ್ಣಾಕ ಕುಂತವರಿಗೆ ವಿಷ ಹಾಕಿದಿ."

ಫಿನಾಯಿಲ್ ಕುಡಿದ ಚಕ್ಕೆಯನ್ನೆಲ್ಲ ತೆಗೆಸಿದರು. ಹೊಸ ಚಕ್ಕೆ ಹರವಿಸಿ, ತೋಟದಿಂದ ಹಳೆಯ ಗೊಬ್ಬರ ತರಿಸಿ, ಹಾಲಿಗೆ ಹೆಪ್ಪು ಹಾಕುವ ಹಾಗೆ ತಮ್ಮ ಕೈಯಾರೆ ಬೆರೆಸಿದರು. ಅಡವೀಶ ನೀರು ಚಿಮುಕಿಸಿದ.

"ಇನ್ನೇನು ಮಾಡ್ಲಿರಿ?"

"ಕೈ ಕಟ್ಟಿಕೊಂಡು ಕುಂದ್ರು."

ಅವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇರಲಿಲ್ಲ. ಬೆಳಗಾದರೆ ಹೋಗಿ ಮೂಗೊಡ್ಡುವನು. ನಾತ ಹಾಗೇ ಇರುತ್ತಿತ್ತು. ಗೋಡೆಯಾಚೆ ಕೂಸು ಅಳುತ್ತಿತ್ತು. ಆ ಅಳು ಕೇಳಿದಾಗಲೆಲ್ಲ ಅವನು ಉಣ್ಣುವ ತಾಟು ಬದಿಗೆ ಸರಿಸುತ್ತಿದ್ದ.

ಕೊನೆಗೆ ನಾಲ್ಕನೆಯ ದಿನ ಮುಂಜಾನೆ ನಾತ ತುಸು ತಗ್ಗಿದಂತೆ ಅನಿಸಿತು. ನಿಜವೋ, ತನ್ನ ಮೂಗಿನ ಆಸೆಯೋ? ಉಣ್ಣುವವರು ಬಂದಿದ್ದಾರೆಯೇ ನೋಡಿಯೇಬಿಡೋಣವೆಂದು ಹಾಸು ಅಗೆಯಲು ಸಲಿಕೆ ಎತ್ತಿದ.

ಅಜ್ಜನವರು ಹಿಂದಿನಿಂದ ಬಂದು ಸಲಿಕೆ ಹಿಡಿದುಕೊಂಡರು.

"ಒಮ್ಮೆ ನೋಡ್ತೀನ್ರಿ ಅಜ್ಜಾರ. ಕಣ್ಣಿಗೆ ಕಾಣದವರು ಉಂಡಾರೋ ಇಲ್ಲೋ, ಹೆಂಗ ತಿಳೀಬೇಕ್ರಿ?"

"ಹೋಗು, ನೀಲವ್ವನ ಮಗಳು ಉಂಡಳೇನು ಕೇಳಿ ಬಾ."