ರೇಷ್ಮೆಯ ಮೇಲೆ ತೊಗಲು

ಪೂಜ್ಯ ಎಲಿಯಾಜರ ಅಯ್ಯನವರು ಮುಳ್ಳಗಟ್ಟಿಯ ಪುಟ್ಟ ಕ್ರೈಸ್ತ ಸಭೆಗೆ ಪಾದ್ರಿಗಳಾಗಿದ್ದಾಗ ಅವರಿಗೆ ಮನೆ ಅಂತ ಇದ್ದದ್ದು ಒಂದೇ ಖೋಲಿ. ಅದರಲ್ಲಿ ಒಂದು ಚಾಪೆ, ಒಂದು ಗಡಿಗೆ, ಸತ್ಯವೇದ. ಆ ವರ್ಷ ಪ್ರಾರ್ಥನಾಲಯದ ಮಾಡು ಗೆದ್ದಲು ತಿಂದು ಕುಸಿದದ್ದರಿಂದ, ಈಸ್ಟರ್ ಆರಾಧನೆಗೆ ಬಯಲಲ್ಲೇ ಗುಡಾರ ಕಟ್ಟುವುದೆಂದು ತೀರ್ಮಾನವಾಯಿತು. ಸಭೆಯ ಹಿರಿಯರಾದ ನಾತಾನಪ್ಪನವರು ಅದಕ್ಕೆ ಹೊದಿಸಲು ಪಟ್ಟಣದಿಂದ ನೀಲಿ ರೇಷ್ಮೆ ತರಿಸಿ, ಕಂಡಕಂಡವರಿಗೆಲ್ಲ ಮುಟ್ಟಿಸಿ ತೋರಿಸುತ್ತಿದ್ದರು.

ಒಂದು ಮುಂಜಾನೆ ಚರ್ಮ ಹದಮಾಡುವ ಫಿಲೆಮೋನ ಅಯ್ಯನವರ ಬಾಗಿಲಿಗೆ ಬಂದ. ಮೂರು ಕೂಸುಗಳನ್ನು ಮಣ್ಣಿಗೆ ಕೊಟ್ಟ ಮೇಲೆ ಅವನಿಗೆ ಉಳಿದದ್ದು ಒಂದೇ ಹೆಣ್ಣುಮಗು. ಈಸ್ಟರ್ ದಿನ ಅದಕ್ಕೆ ದೀಕ್ಷಾಸ್ನಾನ. ಆದರೆ ತೊಗಲಿನ ನಾತ ಒಳಗೆ ಬೇಡ, ಕೂಸಿಗೆ ಹೊರಗೇ ನೀರು ಹಾಕಿಸಲಿ ಎಂದು ನಾತಾನಪ್ಪನವರು ಹೇಳಿಕಳಿಸಿದ್ದರು. ಏನು ಮಾತು ಅದು! ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

“ಸಭೆಯ ಪುಸ್ತಕದಾಗ ನನ್ನ ಹೆಸರು ಹೊಡದ ಹಾಕ್ರಿ ಅಯ್ಯನವರ,” ಎಂದ ಫಿಲೆಮೋನ. “ನಿಮ್ಮ ದೇವರಿಗೂ ಮೂಗು ಐತಿ. ನನ್ನ ಮಗಳು ಹೊರಗ ನಿಲ್ಲಾಕ ಹುಟ್ಟಿಲ್ಲ.”

ಅಯ್ಯನವರು ಅವನನ್ನು ಚಾಪೆಯ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡರು. ಮೋಶೆ ಅರಣ್ಯದಲ್ಲಿ ಕಟ್ಟಿಸಿದ ದೇವದರ್ಶನದ ಗುಡಾರದ ವರ್ಣನೆಯನ್ನು ನಿಧಾನವಾಗಿ ಓದಿ ಹೇಳಿದರು. ಒಳಗೆ ನೀಲಿ, ನೇರಳೆ, ಕಡುಗೆಂಪು ನೂಲಿನ ಕಸೂತಿಯ ನಯವಾದ ನಾರುಬಟ್ಟೆ. ಅದರ ಮೇಲೆ ಹೆಂಗಸರು ನೂತ ಆಡುಕೂದಲಿನ ಹೊದಿಕೆ, ಅದರ ಮೇಲೆ ಕೆಂಪು ಬಣ್ಣದ ಟಗರಿನ ತೊಗಲು, ಎಲ್ಲಕ್ಕೂ ಮೇಲೆ ಇನ್ನೊಂದು ಗಟ್ಟಿ ತೊಗಲು.

“ಒಳಗಿನ ನೀಲಿಯನ್ನು ಕಂಡವರು ಯಾಜಕರು ಮಾತ್ರ,” ಎಂದರು ಅಯ್ಯನವರು. “ಉಳಿದ ಜನವೆಲ್ಲ ದೇವರ ಮನೆ ಅಂತ ದಿನಾ ಕಂಡದ್ದು ತೊಗಲನ್ನೇ. ನಿನ್ನದನ್ನು ತಗೊಂಡು ಬಾ.”

“ಮಂದಿ ಒಪ್ತಾರೇನ್ರಿ?”

“ದೇವರು ಆಗಲೇ ಒಪ್ಪಿಯಾಗಿದೆ.”

ಫಿಲೆಮೋನ ನೆಟ್ಟಗೆ ಮನೆಗೆ ಹೋದ. ತಂಗಡಿ ತೊಗಟೆಯ ನೀರಲ್ಲಿ ಹದವಾಗಿದ್ದ ತನ್ನ ಒಳ್ಳೆಯ ತೊಗಲುಗಳನ್ನೆಲ್ಲ ತೆಗೆದ. ಗಂಡಹೆಂಡತಿ ಇಬ್ಬರೂ ಕೂತು ಒಂದಕ್ಕೊಂದು ಸೇರಿಸಿ ಹೊಲಿದರು, ಹೊಲಿಗೆಗೆಲ್ಲ ಹೊಂಗೆಣ್ಣೆ ತಿಕ್ಕಿದರು.

ಶನಿವಾರ ಅಯ್ಯನವರೇ ಏಣಿ ಹತ್ತಿ ರೇಷ್ಮೆಯ ಮೇಲೆ ಆ ತೊಗಲು ಹಾಸಿದರು. ನಾತಾನಪ್ಪನವರು ಹೌಹಾರಿಬಿಟ್ಟರು. “ಅಯ್ಯಯ್ಯೋ, ಅಷ್ಟು ಚಲೋ ರೇಷ್ಮಿ ಮುಚ್ಚಿಬಿಟ್ರಲ್ರಿ! ಇದರ ಕೆಳಗ ನಾ ಕೂಡೂದಿಲ್ಲ!” ಅಯ್ಯನವರು ಹಗ್ಗ ಬಿಗಿದರು.

ನಾತಾನಪ್ಪನವರು ಹಟ ಬಿಡಲಿಲ್ಲ. ಮರುದಿನ ಹೊರಗೆ ಬೇವಿನ ಮರದಡಿ ಕುರ್ಚಿ ಹಾಕಿಸಿಕೊಂಡು ಕೂತರು. ಎರಡನೆಯ ಕೀರ್ತನೆ ಮುಗಿಯುವಷ್ಟರಲ್ಲಿ ಎಲ್ಲಿತ್ತೋ ಮೋಡ, ಆಲಿಕಲ್ಲು ರಪರಪ ಬೀಳತೊಡಗಿತು. ನಾತಾನಪ್ಪನವರು ರುಮಾಲು ಕೈಯಲ್ಲಿ ಹಿಡಿದು, ತೊಯ್ದು ತೊಪ್ಪೆಯಾಗಿ ಒಳಗೆ ಓಡಿಬಂದರು. ತಲೆಯ ಮೇಲೆ ಆಲಿಕಲ್ಲಿನ ಸದ್ದೋ ಸದ್ದು. ಒಳಗೆ ಒಂದು ಹನಿ ಇಲ್ಲ. ಕತ್ತೆತ್ತಿ ನೋಡಿದರೆ ಅವರ ರೇಷ್ಮೆ ತಂದ ದಿನ ಹೇಗಿತ್ತೋ ಹಾಗೇ ಇತ್ತು.

ಕೈಯಲ್ಲಿದ್ದ ರುಮಾಲನ್ನು ಹೆಗಲಿಗೆ ಹಾಕಿಕೊಂಡರು. ಆಮೇಲೆ ಅಭ್ಯಾಸಬಲದಿಂದ ಬಾಗಿಲ ಹತ್ತಿರವೇ ನಿಂತಿದ್ದ ಫಿಲೆಮೋನನ ಎದುರಿಗೆ ಹೋಗಿ ಎರಡೂ ಕೈ ಚಾಚಿದರು.

“ತಪ್ಪಾತು ತಮ್ಮಾ. ಕೂಸನ್ನ ನನ್ನ ಕೈಯಾಗ ಕೊಡು. ಮುಂದಕ್ಕ ನಾ ಒಯ್ಯತೇನಿ.”

ನಡುಗುಡಾರದಲ್ಲಿ, ನಾತಾನಪ್ಪನವರ ತೋಳಿನಲ್ಲೇ, ಅಯ್ಯನವರು ಆ ಮಗುವಿನ ನೆತ್ತಿಗೆ ನೀರು ಹಾಕಿದರು. ಸಭೆ ಆಲಿಕಲ್ಲಿನ ಸದ್ದನ್ನೂ ಮುಳುಗಿಸುವಂತೆ ಹಾಡಿತು. ಹೆಸರು ಹೊಡೆದುಹಾಕಿ ಎಂದಿದ್ದ ಫಿಲೆಮೋನ ಕಣ್ಣೊರೆಸಿಕೊಳ್ಳುತ್ತ, ನಗುತ್ತ, ಎಲ್ಲರಿಗೂ ಕೇಳುವಂತೆ ಕೂಗಿದ:

“ದೇವರಿಗೆ ಮೂಗು ಐತ್ರಿ ಅಯ್ಯನವರ! ನನ್ನ ತೊಗಲಿನ ವಾಸನಿ ಆತಗ ಹಿಡಿಸೇತಿ!”