ನೋಡೋಣ

"ಗುರುಗಳೇ, ನನ್ನ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ ಅಂತ ಅನುಮಾನ. ನಾಳೆ ಒಪ್ಪಿಸಬೇಕು. ತೆರೆದು ನೋಡದೆ ಒಪ್ಪಿಸಿದರೆ ದೋಷವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಮೀಸೆ ತಿರುವಿದರು. "ಕೇಳಯ್ಯ. ಈಗ ಹೇಳುವುದು ಅಕ್ಷರಶಃ ನಿಜ, ಈ ಮೀಸೆಯಾಣೆ. ಸುಳ್ಳು ಹೇಳಿದರೆ ನನಗೆ ಬಿಕ್ಕಳಿಕೆ ಬರುತ್ತದೆ, ಊರಿಗೇ ಗೊತ್ತು."

ಒಂದು ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆ. ಅದರ ನೆಲಮಾಳಿಗೆಯಲ್ಲಿ ಒಂದು ಕ್ವಾಂಟಂ ಕಂಪ್ಯೂಟರ್. ಅದೆಷ್ಟು ನಾಜೂಕೆಂದರೆ, ಮೂರನೇ ಮಹಡಿಯಲ್ಲಿ ಯಾರಾದರೂ ಸೀನಿದರೂ ಮುನಿಸಿಕೊಂಡು ಲೆಕ್ಕ ಮರೆಯುತ್ತಿತ್ತು. ಅದೆಷ್ಟು ತಂಪೆಂದರೆ, ನಿರ್ದೇಶಕರ ಆಶ್ವಾಸನೆಗಳೂ ಅಲ್ಲಿ ಕೆಡದೆ ಉಳಿಯುತ್ತಿದ್ದವು. ಅದು ಲೆಕ್ಕ ಮಾಡುವಾಗ ಕೋಣೆಯ ಬಾಗಿಲು ತೆಗೆಯುವಂತಿಲ್ಲ; ತೆಗೆದು ನೋಡಿದರೆ ಲೆಕ್ಕ ಚದುರುತ್ತದೆ. ಬಾಗಿಲು ದಪ್ಪ, ಕೂಗಿದರೆ ಕೇಳದು. ಚಿಲಕ ಹೊರಗೆ ಮಾತ್ರ.

ಒಬ್ಬ ಸಂಶೋಧಕಿ ಊಟ ಮುಗಿಸಿ ಬಂದಳು. ಯಂತ್ರ ಆಗಲೇ ಲೆಕ್ಕ ಶುರು ಮಾಡಿತ್ತು. ಬಾಗಿಲ ಹೊರಗೆ ಒಂದು ಜೊತೆ ಚಪ್ಪಲಿ. ಆ ಕೋಣೆಗೆ ಹೋಗುವವರು ಚಪ್ಪಲಿ ಕಳಚಿಟ್ಟೇ ಹೋಗಬೇಕು. ಒಳಗಿನಿಂದ ಟಕ್ ಟಕ್ ಸದ್ದು. ಯಂತ್ರವನ್ನು ತಂಪಾಗಿಡುವ ಪಂಪಿನದೂ ಅಂಥದೇ ಸದ್ದು. ಆದರೆ ಒಳಗೆ ಯಾರಾದರೂ ಇದ್ದರೆ? ತಂಪು ಮಾಡುವ ಅನಿಲ ಸೋರಿದರೆ ಒಳಗೆ ಉಸಿರಾಡಲು ಗಾಳಿ ಉಳಿಯುವುದಿಲ್ಲ.

ಅವಳು ನಿರ್ದೇಶಕರ ಬಳಿಗೆ ಓಡಿದಳು. "ಸರ್, ಒಳಗೆ ಯಾರೋ ಇದ್ದಾರೆ ಅನ್ನಿಸುತ್ತೆ. ಬಾಗಿಲು ತೆಗೆದು ನೋಡೋಣವಾ?"

"ನೋಡೋಣ, ನೋಡೋಣ," ಎಂದರು ಅವರು, ಕುರ್ಚಿಯಿಂದ ಏಳದೆ. "ಸಂಜೆಗೆ ಲೆಕ್ಕ ಮುಗಿಯುತ್ತಲ್ಲಮ್ಮ. ಚಪ್ಪಲಿ ಕಂಡು ಹೆದರಿದರೆ ದೇವಸ್ಥಾನದ ಮುಂದೆ ಹೇಗೆ ಓಡಾಡ್ತೀಯ?"

ಅವಳು ಕೇಳಿದ ನೋಡೋಣ ಬೇರೆ, ಅವರು ಹೇಳಿದ ನೋಡೋಣ ಬೇರೆ.

ಅವಳು ಮರಳಿ ಬಂದು ಚಿಲಕದ ಮೇಲೆ ಕೈಯಿಟ್ಟಳು. ತೆಗೆದರೆ ಎಲ್ಲರ ದುಡಿಮೆ ನೀರುಪಾಲು. ತೆಗೆಯದಿದ್ದರೆ ಒಳಗೆ ಯಾರೋ ಇದ್ದಾರೆ ಎಂಬುದೂ ಇರುತ್ತದೆ, ಯಾರೂ ಇಲ್ಲ ಎಂಬುದೂ ಇರುತ್ತದೆ. ಯಾರೂ ಇಲ್ಲ ಎಂಬುದನ್ನು ಅವಳು ನಂಬತೊಡಗಿದಳು. ಕೈ ಚಿಲಕದ ಮೇಲೆಯೇ ಇತ್ತು. ಟಕ್ ಟಕ್ ಸದ್ದು ನಿಧಾನವಾಯಿತು. ಆಮೇಲೆ ನಿಂತಿತು.

ಪಂಪಿನ ಸದ್ದು ನಡೆದೇ ಇತ್ತು.

ಸಂಜೆ ಯಂತ್ರ ಉತ್ತರ ಕೊಟ್ಟಿತು. ಉತ್ತರ ಸರಿಯಾಗಿತ್ತು. ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಬಾಗಿಲು ತೆಗೆದಳು.

"ಕೋಣೆ ಖಾಲಿ ಇತ್ತು," ಎಂದ ಗುರುಗಳು ಬಿಕ್ಕಳಿಸಿದರು.

ಶಿಷ್ಯ ಹಿಡಿದಿದ್ದ ಉಸಿರು ಬಿಟ್ಟು ನಕ್ಕ. "ಅಂದರೆ ನೋಡದಿದ್ದರೂ ನಡೆಯುತ್ತೆ ಅಂದಂತಾಯಿತು. ಮತ್ತೆ ಆ ಚಪ್ಪಲಿ ಯಾರದು ಗುರುಗಳೇ?"

ಗುರುಗಳು ಒಂದು ಲೋಟ ನೀರು ಕುಡಿದರು.

"ಹೇಳಿದ್ದೆಲ್ಲ ನಿಜ ಕಣಯ್ಯ, ಕೋಣೆ ಖಾಲಿ ಇತ್ತು ಅಂದೆನಲ್ಲ, ಆ ಒಂದು ಸಣ್ಣ ವಿವರ ಮಾತ್ರ ನಾನು ಸೇರಿಸಿದ್ದು."