ಬಡಗಣ ಎಲ್ಲೆಯ ಕಲ್ಲು

“ಗುರುಗಳೇ, ಎಲ್ಲೆ ಎಂಬುದನ್ನು ಮಕ್ಕಳಿಗೆ ಏನು ತೋರಿಸಿ ಕಲಿಸಲಿ?” ಎಂದು ಶಿಷ್ಯ ಕೇಳಿದ.

ಮಠದಲ್ಲಿ ಅವನ ಓದು ಮುಗಿದಿತ್ತು. ಮರುದಿನ ಒಂದು ಹಳ್ಳಿಯ ಶಾಲೆಗೆ ಭೂಗೋಳ ಕಲಿಸಲು ಹೊರಡಬೇಕಿತ್ತು. ಸ್ಥಳವನ್ನು ಬೆರಳು ಮಾಡಿ ತೋರಿಸಬಹುದು. ದಿಕ್ಕನ್ನು ಸೂರ್ಯನಿಂದ ತಿಳಿಸಬಹುದು. ದೂರವನ್ನು ನಡೆಸಿ ತಿಳಿಸಬಹುದು. ಎಲ್ಲೆ ಮಾತ್ರ ನಕಾಶೆಯಲ್ಲಿ ಕಾಣುತ್ತದೆ, ನೆಲದ ಮೇಲೆ ಕಾಣುವುದಿಲ್ಲ. ಎಲ್ಲಿದೆ ತೋರಿಸಿ ಎಂದು ಮಕ್ಕಳು ಹಟ ಹಿಡಿದರೆ ಏನು ಮಾಡುವುದೆಂಬ ಅಳುಕು ಅವನನ್ನು ಬಿಟ್ಟಿರಲಿಲ್ಲ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ತಳವಾರನಿದ್ದ. ಊರಿನ ನಾಲ್ಕು ಎಲ್ಲೆಗಳನ್ನೂ ದಿನಾ ಸುತ್ತಿ ಬರುವುದು, ಕಲ್ಲು ಜರುಗಿದ್ದರೆ ಬಂದು ಹೇಳುವುದು ಅವನ ಕೆಲಸ. ಅವನ ಮಗಳು ಬಾಣಂತಿಯಾಗಿದ್ದಾಗಲೇ ತೀರಿಹೋಗಿದ್ದಳು. ಅವಳ ಕೂಸು ಇವನ ಮನೆಯಲ್ಲಿತ್ತು. ಮನೆಯಲ್ಲಿದ್ದುದು ಒಂದೇ ಹಸು. ಅದರ ಹಾಲಿನಿಂದ ಕೂಸಿನ ಜೀವ ಉಳಿದಿತ್ತು.

ಒಂದು ವರ್ಷ ಊರ ದನಗಳಿಗೆ ದೊಡ್ಡರೋಗ ತಗುಲಿತು. ನಿನ್ನೆ ಮೇದ ದನ ಇವತ್ತು ನೆಲ ಹಿಡಿಯಿತು. ಆ ಸೀಮೆಯಲ್ಲಿ ಇದಕ್ಕೊಂದು ಕಟ್ಟಳೆಯಿತ್ತು. ಬೇನೆ ಬಿದ್ದ ಕೊಟ್ಟಿಗೆಯಿಂದ ಒಂದು ಕರುವನ್ನು ತಂದು, ಅರಿಸಿನ ಕುಂಕುಮವಿಟ್ಟು, ಕೊರಳಿಗೆ ಬೇವಿನ ಸೊಪ್ಪು ಕಟ್ಟಿ ಎಲ್ಲೆಯ ಕಲ್ಲಿನಾಚೆಗೆ ಅಟ್ಟಬೇಕು. ಅಟ್ಟಿದವನು ಅಲ್ಲಿಯೇ ನಿಂತು ತಮಟೆ ಬಾರಿಸಬೇಕು. ಅದು ಕೇಳುವ ತನಕ ಊರಿನಲ್ಲಿ ಯಾರೂ ಒಲೆ ಹಚ್ಚುವಂತಿಲ್ಲ, ದನ ಬಿಚ್ಚುವಂತಿಲ್ಲ. ಕರು ಹೊಡೆದುಕೊಂಡು ಹೋಗುವವನು ತಮಟೆ ಬಾರಿಸುವ ಮೊದಲು ತುಟಿ ಬಿಚ್ಚಬಾರದು. ಬಿಚ್ಚಿದರೆ ಬೇನೆ ಅವನ ಮನೆಗೇ ತಿರುಗುತ್ತದೆ ಎಂದು ಹಿರಿಯರು ಹೇಳಿದ್ದರು. ತಳವಾರ ದೇವರನ್ನು ನಂಬಿದವನು. ಇದನ್ನೂ ನಂಬಿದ್ದ.

ಯಾವ ದಿಕ್ಕಿಗೆ ಅಟ್ಟುವುದೆಂದು ಚಾವಡಿಯಲ್ಲಿ ಮಾತಾಯಿತು. ಮೂಡಲಿಗೆ ಎಂದರೆ ಒಬ್ಬ, ಅಲ್ಲಿ ನನ್ನ ಮಗಳನ್ನು ಕೊಟ್ಟಿದ್ದೇನೆ ಎಂದ. ತೆಂಕಲಿಗೆ ಎಂದರೆ ಇನ್ನೊಬ್ಬ, ಅದು ನನ್ನ ಮಾವನ ಊರು ಎಂದ. ಪಡುವಲಿಗೆ ಎಂದಾಗ ಮುದುಕನೊಬ್ಬ, ಅಲ್ಲಿಯ ಬೀಗರು ನನಗೊಂದು ಹೋಳಿಗೆ ಊಟ ಹಾಕುವುದಿದೆ, ಅದನ್ನು ಉಂಡು ಬಂದಮೇಲೆ ಅಟ್ಟಿ ಎಂದ. ಅಂಥ ಹೊತ್ತಿನಲ್ಲೂ ನಾಲ್ಕು ಜನ ನಕ್ಕರು. ಕಡೆಗೆ ಉಳಿದದ್ದು ಬಡಗಲು. ಆ ಕಡೆಗೆ ಇವರು ಹೆಣ್ಣು ಕೊಟ್ಟಿರಲಿಲ್ಲ, ಆ ಕಡೆಯಿಂದ ತಂದೂ ಇರಲಿಲ್ಲ. ಅದೇ ಹೊರಗು ಎಂದು ಊರ ಯಜಮಾನ ತೀರ್ಮಾನ ಹೇಳಿದ. ನಿನಗೆ ಆ ಕಡೆ ಯಾರಾದರೂ ಇದ್ದಾರೆಯೇ ಎಂದು ತಳವಾರನನ್ನು ಯಾರೂ ಕೇಳಲಿಲ್ಲ.

ಇದ್ದ, ಒಬ್ಬನಿದ್ದ. ಆಚೆ ಊರಿನ ದನ ಕಾಯುವವನು, ಕಾಟಯ್ಯ ಅಂತ. ಎಷ್ಟೋ ವರ್ಷಗಳಿಂದ ಕಲ್ಲಿನ ಆ ಬದಿ ಅವನು, ಈ ಬದಿ ಇವನು ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಅವನ ದನಗಳ ಹೆಸರು ಇವನಿಗೆ ಬಾಯಿಪಾಠವಾಗಿತ್ತು. ಕೆಂದಿ, ಕವಲಿ, ಕುಂಟಗೌರಿ. ಅದು ಚಾವಡಿಯಲ್ಲಿ ಹೇಳುವಂಥ ನಂಟೆಂದು ತಳವಾರನಿಗೂ ತೋರಲಿಲ್ಲ.

ಅಟ್ಟುವ ಕೆಲಸ ತಳವಾರನ ಪಾಲಿಗೆ ಬಂದಿತ್ತು. ಬೆಳಗಾಗುತ್ತಲೇ ತಮಟೆ ಹೆಗಲಿಗೆ ಹಾಕಿ ಕರು ಹೊಡೆದುಕೊಂಡು ಹೊರಟ. ಕಾಟಯ್ಯ ಬರುವುದರೊಳಗೆ ಕೆಲಸ ಮುಗಿದುಬಿಡಲಿ ಎಂದು ದಾರಿಯುದ್ದಕ್ಕೂ ದೇವರನ್ನು ಬೇಡಿದ. ಆದರೆ ಕರುವಿಗೆ ಕಾಲಿನಲ್ಲಿ ತ್ರಾಣವಿರಲಿಲ್ಲ. ನಾಲ್ಕು ಹೆಜ್ಜೆಗೊಮ್ಮೆ ನಿಂತಿತು. ಕಲ್ಲು ಮುಟ್ಟುವ ಹೊತ್ತಿಗೆ ಹೊತ್ತೇರಿತ್ತು, ಆಚೆಯಿಂದ ದನಗಳ ಗಂಟೆ ಕೇಳಿತು.

“ಏನಣ್ಣೋ, ತಳವಾರಿಕೆ ಬಿಟ್ಟು ದನ ಕಾಯೋಕೆ ನಿಂತೆಯಾ? ಬಡವನ ಹೊಟ್ಟೆ ಮೇಲೆ ಹೊಡೀಬ್ಯಾಡ ಕಣಪ್ಪ” ಎನ್ನುತ್ತ ಕಾಟಯ್ಯ ನಗುನಗುತ್ತ ಬಂದ. ಅವನ ಹಿಂದೆಯೇ ದನಗಳು ಬಂದವು.

ತಳವಾರ ಕೈಯೆತ್ತಿ ಬೇಡವೆಂದು ಸನ್ನೆ ಮಾಡಿದ. ಕಾಟಯ್ಯ ನಿಲ್ಲಲಿಲ್ಲ. ಕುಂಟಗೌರಿ ಕರುವನ್ನು ಮೂಸಲು ಕತ್ತು ಚಾಚಿತು. ತಳವಾರನಿಗೆ ಕೂಸು ಕಣ್ಣ ಮುಂದೆ ಬಂತು, ಹಟ್ಟಿಯಲ್ಲಿ ಕಟ್ಟಿದ ಹಸು ಕಣ್ಣ ಮುಂದೆ ಬಂತು.

“ಬರಬೇಡ ಕಾಟಣ್ಣ, ದನ ತಿರುಗಿಸು. ಇದಕ್ಕೆ ದೊಡ್ಡರೋಗ” ಎಂದ.

ಕಾಟಯ್ಯನ ಊರಿನಲ್ಲೂ ಅದೇ ಕಟ್ಟಳೆ. ಬಾಯಿ ಬಿಟ್ಟು ಇವನು ಏನನ್ನು ಮೈಮೇಲೆ ಎಳೆದುಕೊಂಡನೆಂದು ಅವನಿಗೆ ತಿಳಿಯಿತು. ಕೂಡಲೇ ದನ ತಿರುಗಿಸಿಕೊಂಡು ಹೋದ.

ತಳವಾರ ಕರುವನ್ನು ಆಚೆಗೆ ಅಟ್ಟಲಾರ, ಊರಿಗೆ ಮರಳಿ ಒಯ್ಯಲಾರ. ಕಲ್ಲಿನ ಬಳಿಯ ಜಾಲಿಗಿಡಕ್ಕೆ ಕಟ್ಟಿ ಪಕ್ಕದಲ್ಲಿ ಕೂತ. ತಮಟೆ ಮುಟ್ಟಲಿಲ್ಲ. ಮಧ್ಯಾಹ್ನವಾದರೂ ಸದ್ದು ಕೇಳದೆ ಯಜಮಾನನೇ ಬಂದು ದೂರದಲ್ಲಿ ನಿಂತ.

“ಹೊರಗೆ ಬಿಟ್ಟು ಬಾರೋ ಎಂದರೆ ಇಲ್ಲಿ ಕೂತಿದ್ದೀಯಲ್ಲ. ಊರಿಗೆ ಊರೇ ಉಪವಾಸ ಕೂತಿದೆ.”

“ಹೊರಗು ಎಲ್ಲಿಂದ ಶುರು ಅಂತ ನೋಡ್ತಾ ಇದ್ದೀನಿ ಯಜಮಾನರೇ. ಸಿಗಲಿಲ್ಲ.”

ಹಾಗಾದರೆ ನೀನೂ ಅಲ್ಲಿಯೇ ಇರು ಎಂದು ಯಜಮಾನ ಹೊರಟುಹೋದ. ಕರು ಎಲ್ಲೆ ದಾಟದಿದ್ದರೂ ಊರಿನವರು ಬೇರೊಂದು ತಮಟೆ ತಂದು ಬಾರಿಸಿದರು. ಸಂಜೆಯೊಳಗೆ ಒಲೆಗಳು ಹೊತ್ತಿದವು.

ಕರು ಸತ್ತಿತು. ತಳವಾರ ಆಳವಾಗಿ ಗುಂಡಿ ತೋಡಿ ಹೂತ. ಅಷ್ಟರಲ್ಲಿ ಹೆಂಡತಿ ಕೂಗಳತೆಯಲ್ಲಿ ಬಂದು ನಿಂತು, ಹಟ್ಟಿಯ ಹಸು ಹೋಯಿತೆಂದು ಹೇಳಿದಳು. ಕೂಸು ಗಂಜಿ ಉಗುಳುತ್ತದೆ, ಅತ್ತೂ ಅತ್ತೂ ಗಂಟಲು ಕಟ್ಟಿದೆ ಎಂದಳು. ಊರ ತುಂಬ ಬೇನೆಯಿತ್ತು. ಆದರೂ ತಾನು ತುಟಿ ಬಿಚ್ಚಿದ್ದರಿಂದಲೇ ಹೀಗಾಯಿತೆಂದು ಅವನು ತಿಳಿದ. ಮಣ್ಣು ಮೆತ್ತಿದ ಕೈಯನ್ನೇ ನೋಡುತ್ತ ಕೂತ. ಅವಳ ಕೂಗು ಕಲ್ಲಿನಾಚೆಗೂ ಕೇಳಿತ್ತು.

ಮರುದಿನ ಬೆಳಿಗ್ಗೆ ಕಲ್ಲಿನಾಚೆ ದೂರದ ಇನ್ನೊಂದು ಜಾಲಿಯ ಕೊಂಬೆಗೆ, ಮುತ್ತುಗದ ಎಲೆ ಮುಚ್ಚಿದ ಒಂದು ಮಡಕೆ ತೂಗುತ್ತಿತ್ತು. ಅದರಲ್ಲಿ ಹಾಲಿತ್ತು. ಹೆಂಡತಿ ಬಂದು ಒಯ್ದಳು. ಮರುದಿನವೂ ಇತ್ತು. ಕೂಸು ರಾಗಿ ಅಂಬಲಿ ಕುಡಿಯುವ ತನಕ ಅದು ತಪ್ಪಲಿಲ್ಲ. ಎಲ್ಲಿಯ ಹಾಲು ಎಂದು ಊರಿನಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಹಾಗಾದರೆ ಎಲ್ಲೆ ಎಂಬುದೇ ಸುಳ್ಳೇ ಎಂದು ಶಿಷ್ಯ ತಡವರಿಸುತ್ತ ಕೇಳಿದ.

“ಸುಳ್ಳಲ್ಲಪ್ಪ, ಮಕ್ಕಳನ್ನು ಕಲ್ಲಿನ ಹತ್ತಿರ ನಿಲ್ಲಿಸಿ ಆಚೆಯವರ ಹೆಸರು ಕೇಳು, ಯಾವ ಮಗುವಿಗೆ ಒಂದು ಹೆಸರೂ ಬರುವುದಿಲ್ಲವೋ ಅದರ ಎಲ್ಲೆ ಅಲ್ಲಿದೆ.”